ಬೀಗದ ಕೈ

ಚಂದಾ ಪುಸ್ತಕ ಬರೆಯುವವನು ನಾನು.
ಹಾಲಹರ್ವಿ ದಾಟಿದರೆ, ಹಗರಿಗೆ ಎರಡು ಮೈಲಿ ಉಳಿದಲ್ಲಿ, ನಮ್ಮೂರು.
ಠಾಣೆಗೆ ಅರ್ಜಿ ತೆಲುಗಿನಲ್ಲಿ,
ಪೀರಲ ದೇವರ ಲೆಕ್ಕ ಕನ್ನಡದಲ್ಲಿ.
ಎರಡರಲ್ಲೂ ಒಂದು ಖಾಲಿ ಗೆರೆ:
ಜವಾಬ್ದಾರಿ ಯಾರದು?

ಮೊದಲು ಯಾರೂ ಕೇಳುತ್ತಿರಲಿಲ್ಲ.
ಐದು ಬೆಳ್ಳಿ ಕೈಗಳೂ ವಿರುಪನಗೌಡರ ಅಟ್ಟದಲ್ಲಿ,
ತಾತ ಮುತ್ತಾತ ಎಂಬ ಕತ್ತಲೊಳಗೆ.
ಗೌಡರು ಗೋಣು ಆಡಿಸಿದರೆ ಮೊಹರಂ,
ಇಲ್ಲದಿದ್ದರೆ ಅದು ಬರೀ ಚಂದ್ರ.

ದೂರದ ದೇಶವೊಂದರ ದೊರೆ ವಿಮಾನ ಹತ್ತಿ ಹೋದನೆಂದು
ರೇಡಿಯೋ ಹೇಳಿದ ವರ್ಷ
ಪಿಂಜಾರ ದಸ್ತಗೀರಿಗೆ ಕನಸು ಬಿತ್ತು.
ಅರಳೆ ಹಿಂಜುತ್ತಲೇ ಅಂದ:
"ಉಸುರು ಕಟ್ಟೇತಿ, ಇಳಿಸ್ರೋ ಅಂತಾನ ಪೀರು."
ಇಳಿಸಿದೆವು.
ಕುರುಬರು, ಬೋಯರು, ಮಾದಿಗರು, ಪಿಂಜಾರರು
ಗೌಡರ ಅಂಗಳದಲ್ಲಿ ಚಪ್ಪಲಿ ಬಿಡದೆ ನಿಂತೆವು.
ನನಗಾಗ ಹದಿನಾರು. ಪೆಟ್ಟಿಗೆಯ ಒಂದು ಮೂಲೆ
ನನ್ನ ಹೆಗಲ ಮೇಲಿತ್ತು. ತರಚಿದ ಗುರುತು ಇನ್ನೂ ಇದೆ.
ಅದೆಲ್ಲ ಮೋಸ ಎಂದು ಯಾರಾದರೂ ಅಂದಾಗ
ಮುಟ್ಟಿ ನೋಡಿಕೊಳ್ಳುತ್ತೇನೆ.

ಆಮೇಲೆ ಪೆಟ್ಟಿಗೆಗೊಂದು ಮನೆ ಬೇಕಾಯಿತು,
ಮನೆಗೆ ಬಾಗಿಲು, ಬಾಗಿಲಿಗೆ ಕಾಯುವವನು.
ದಸ್ತಗೀರಿಯ ಉಡಿದಾರಕ್ಕೆ ಬೀಗದ ಕೈ ಬಂತು.
ಗೌಡರು ಕೂರುತ್ತಿದ್ದ ಕಟ್ಟೆಗೆ ಅವನು ಬಂದ:
ಮೊದಲ ವರ್ಷ ತುದಿಯಲ್ಲಿ,
ಮೂರನೆಯ ವರ್ಷ ಗೋಡೆಗೆ ಒರಗಿ.
"ದೇವರು ಊರಿಂದು," ಅನ್ನುತ್ತಿದ್ದ,
"ಮಾತಾಡಾದು ಮಾತ್ರ ನನ್ ಕೂಡ."
ಲೆಕ್ಕ ಕೇಳಿದ ಬೋಯರ ಜಂಬಣ್ಣ
ಮರುವರ್ಷ ಅಲಾಯಿ ಕುಣಿಗೆ ಕಟ್ಟಿಗೆ ತರಲಿಲ್ಲ.
ಬ್ಯಾಡ ಅಂತ ಪೀರೇ ಹೇಳಿತ್ತಂತೆ.
ಅದನ್ನೂ ಬರೆದೆ. ಅಳಿಸಿಲ್ಲ.

ಈ ಸಲ ಅವನಿಲ್ಲ. ನಲವತ್ತು ದಿನದ ಫಾತಿಹಾ ಮುಗಿದಿದೆ.
ಮಗ ಫಕ್ಕೀರಪ್ಪ ಅಂದ, ರಕ್ತ ನಂದು.
ಜಂಬಣ್ಣನ ಮೊಮ್ಮಗಳು, ವಾರ್ಡು ಗೆದ್ದವಳು,
ಬೆರಳು ಎತ್ತಿ ಮಸಿ ತೋರಿಸಿದಳು.
ಆದೋನಿಯಲ್ಲಿ ಓದಿ ಬಂದ ಹುಡುಗ
ಓದಿದವರು ಹೇಳಿದಂಗೆ ನಡೀಬೇಕು ಅಂದ.
ಮೂಲೆಯಿಂದ ಇನ್ನೊಬ್ಬ:
"ರಾತ್ರಿ ನನಗೂ ಕನಸು ಬಿತ್ತು."
ಯಾರೂ ನಗಲಿಲ್ಲ.

ಕಾಶೀಂಬಿ ಹುಣಸೆಹಣ್ಣಿಗೆ ಬೂದಿ ಕಲಸುತ್ತಿದ್ದಳು.
ವರ್ಷವರ್ಷ ಬೆಳ್ಳಿ ಬೆಳಗುವವಳು ಅವಳೇ;
ನನ್ನ ಪುಸ್ತಕದಲ್ಲಿ ಅವಳ ಹೆಸರಿಲ್ಲ.
ಫಕ್ಕೀರಪ್ಪ ಕೈ ತಿರುವಿದ. ತಿರುಗಲಿಲ್ಲ.
ಎಣ್ಣೆ ಬಿಟ್ಟರು. ತಿರುಗಲಿಲ್ಲ.
ಅವಳು ಎದ್ದು ಬಂದು ಮುಚ್ಚಳ ಎತ್ತಿದಳು.
ಚಿಲಕದ ಮೊಳೆ ಎಂದೋ ಕಿತ್ತುಹೋಗಿ
ಬೀಗ ಸುಮ್ಮನೆ ಜೋತುಬಿದ್ದಿತ್ತು.
"ಹದಿನೆಂಟು ವರ್ಷಾತು," ಅಂದಳು,
"ಅವರಿಗೂ ಗೊತ್ತಿತ್ತು."

ಒಳಗೆ ಐದು ಕೈಗಳು, ಬೆರಳು ಬಿಚ್ಚಿಕೊಂಡು,
ಏನನ್ನೂ ಹಿಡಿಯದೆ.

ಬಹಳ ಹೊತ್ತು ಮಾತಿಲ್ಲ.
ಆಮೇಲೆ ಯಾರೋ ಒಂದು ಮಾತು ಅಂದರು.
ಎಲ್ಲರೂ ಒಪ್ಪಿದರು. ಇಷ್ಟು ವರ್ಷದಲ್ಲಿ
ಊರೆಲ್ಲ ಒಪ್ಪಿದ್ದು ಅದೊಂದನ್ನೇ.
ಪುಸ್ತಕದ ಕೊನೆಯ ಸಾಲು, ನನ್ನದೇ ಅಕ್ಷರ:
ಹೊಸ ಬೀಗ ಒಂದು, ಕೈ ಮೂರು.
ನೂರಾ ಎಂಬತ್ತು ರೂಪಾಯಿ.