ಮಣ್ಣಿಗೆ ಹೋಗಿದ್ದೆ

ಎರಡು ದಿನ ಬಾರದ ಫಕ್ಕೀರೇಶ
ಮೂರನೆಯ ದಿನ ಚೀಟಿ ತಂದ.
ಗೀಟಿನ ಹಾಳೆ, ಮೊಂಡು ಪೆನ್ಸಿಲ್ಲು, ಒಂದೇ ಸಾಲು:
'ಮಣ್ಣಿಗೆ ಹೋಗಿದ್ದೆ.'

ಕೋಲಾರದ ಕಡೆಯವಳು ನಾನು.
ರೋಣದ ಬಸ್ಸಿಳಿದು ಆಗಿನ್ನೂ ಹದಿನೆಂಟು ದಿನ.
'ಹೌದೇನೋ, ಎಷ್ಟು ಬುಟ್ಟಿ ತಂದೆ?' ಅಂದೆ.
ಯಾರೂ ನಗಲಿಲ್ಲ.
ಅವನು ತನ್ನ ಬಲಗೈ ನೋಡಿಕೊಂಡ.
'ತಂದಿಲ್ರಿ ಟೀಚರ.
ಒಂದ ಹಿಡಿ ಹಾಕಿ ಬಂದೆ.
ನಮ್ಮ ಕಾಕಾಗ.'

ಹಾಜರಿ ಪುಸ್ತಕ ಮುಚ್ಚಿದೆ. ಮತ್ತೆ ತೆರೆದೆ.
ಅವತ್ತಿನ ಪಾಠ, ಹೇಳಿದರೆ ನಂಬುವುದಿಲ್ಲ, ನಾನಾರ್ಥ.
ಹಲಗೆಯ ಮೇಲೆ ನಾನೇ ಬರೆದದ್ದು:
ಅರಿ ಎಂದರೆ ಶತ್ರು,
ಅರಿ ಎಂದರೆ ತಿಳಿ.

ಬಿಸಿಯೂಟದ ನಿಂಬೆವ್ವನಿಗೆ ಹೇಳಿದೆ.
ಬೇಳೆ ತೊಳೆಯುತ್ತಿದ್ದವಳು ಬಿದ್ದು ಬಿದ್ದು ನಕ್ಕು,
ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.
'ನಿಮಗೆಷ್ಟ ಮಣ್ಣ ಬೇಕ ಹೇಳ್ರಿ ಅಕ್ಕೋರ,
ನಮ್ಮಲ್ಲಿ ಅದೊಂದ ಪುಕ್ಕಟ.'

ಮಳೆಗೆ ಮುಂಚೆ ಮಾಳಿಗೆ ಏರಿ
ಸವಳು ಹರಡುತ್ತ ಅಲ್ಲಿಂದಲೇ ಕೂಗಿದಳು:
'ಮ್ಯಾಲೂ ಮಣ್ಣ ರೀ, ಬುಡಕೂ ಮಣ್ಣ,
ನಡುವ ನಾವೊಂದೀಟು!'
ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕೇಳಿದರೆ
'ಮಣ್ಣ ಐತಿ, ತಿಂತಿ?'
ಅಂದವಳೇ ಬಿಸಿ ರೊಟ್ಟಿ ಎರಡು ಹಾಕಿದಳು,
ಮೇಲೆ ಇನ್ನೊಂದು.
ಐದು ತಿಂಗಳು ಪಗಾರ ಬಾರದಾಗ
ಹೊಟ್ಟೆಯ ಮೇಲೆ ಮಣ್ಣು.
ಮಗ್ಗಿ ತಪ್ಪಿದ ಮೊಮ್ಮಗಳಿಗೆ
'ಇದಕ್ಕೇನ ಮಣ್ಣ ತಿಳಿತೈತಿ'.
ಬಸುರಿ ಮಗಳು ಕಣ್ಣಲ್ಲೇ ಕೇಳಿದಾಗ ಮಾತ್ರ
ಹಿತ್ತಲ ಗೋಡೆ ಕೆರೆದು, ಚಿಟಿಕೆಯಷ್ಟು,
ನರ್ಸಿಗೆ ಹೇಳಬ್ಯಾಡ್ರಿ ಮತ್ತ, ಎಂದು
ನನ್ನನ್ನೂ ಸೇರಿಸಿಕೊಂಡಳು.

ಮಣ್ಣೆತ್ತಿನ ಅಮಾಸೆಗೆ ನನ್ನ ಕಿಟಕಿಯಲ್ಲಿ
ಜೋಡಿ ಎತ್ತು ತಂದಿಟ್ಟರು ಮಕ್ಕಳು.
ಒಂದರ ಕೋಡು ಸಂಜೆಗೇ ಬಿತ್ತು.
ಎಂಜಲು ಹಚ್ಚಿ ಅಂಟಿಸಿದವನು ಫಕ್ಕೀರೇಶ.
ನನ್ನತ್ತ ನೋಡಲಿಲ್ಲ. ಕೋಡು ನಿಂತಿತು.

ನಮ್ಮೂರ ಮಣ್ಣು ಕೆಂಪು, ಕೊಡವಿದರೆ ಹೋಗುತ್ತದೆ.
ಈ ಎರೆ ಹಾಗಲ್ಲ.
ಬೇಸಿಗೆಯಲ್ಲಿ ಬಾಯಿ ಬಿಟ್ಟು ನನ್ನ ಪೆನ್ನು ನುಂಗಿತು,
ಶಾಲೆಯ ಚೆಂಡೊಂದನ್ನೂ.
ಜೂನಿನಲ್ಲಿ ಚಪ್ಪಲಿ ಹಿಡಿದುಕೊಂಡಿತು.
ಇನ್ನೊಂದು ಕೈಯಲ್ಲಿ, ಹೆಸರಿನ ಹೊಲದ ನಡುವೆ
ಕೊಕ್ಕರೆಯ ಹಾಗೆ ನಿಂತಿದ್ದೆ.
ಬದುವಿನಿಂದ ನಿಂಬೆವ್ವ:
'ಎಳೀಬ್ಯಾಡ್ರಿ! ಎಳದಷ್ಟೂ ಹಿಡೀತೈತಿ.
ಸುಮ್ಮನ ನಿಂದರ್ರಿ.'

ವರ್ಗಾವಣೆಗೆ ಮೂರು ಸಲ ಅರ್ಜಿ ಹಾಕಿದ್ದೆ.
ನಾಲ್ಕನೆಯದು ಬರೆಯಲು ಕೂತ ಬೆಳಿಗ್ಗೆ
ಹತ್ತೂವರೆಯಾದರೂ ಕುಕ್ಕರಿನ ಸೀಟಿ ಕೇಳಲಿಲ್ಲ.
ಹುಡುಗಿಯೊಬ್ಬಳು ಓಡಿಬಂದು
ಬಾಗಿಲಲ್ಲೇ ನಿಂತಳು.

ಅದೇ ಹಾಳೆಯ ಬೆನ್ನಿಗೆ,
ಹೆಡ್ ಮಾಸ್ತರು ಹೊಂಬಾಳಿಯವರಿಗೆ:
'ಮಾನ್ಯರೆ, ನಾನು ಇಂದು ಮಣ್ಣಿಗೆ ಹೋಗಬೇಕಾಗಿರುವುದರಿಂದ'
ವಾಕ್ಯ ಮುಗಿಸಲಿಲ್ಲ.
ಅವರು ಓದಿದರು, ಸಹಿ ಹಾಕಲಿಲ್ಲ,
ಕೊಡೆ ತೆಗೆದುಕೊಂಡು ಎದ್ದರು.

ಹಳ್ಳದ ದಂಡೆ. ರಾತ್ರಿಯೆಲ್ಲ ಮಳೆ ಹೊಡೆದಿತ್ತು.
ಹಿಡಿ ತುಂಬಿ ಕೈ ಚಾಚಿದೆ, ಬೆರಳು ಬಿಚ್ಚಿದೆ.
ಬೀಳಲಿಲ್ಲ.
ಅಂಗೈ ಬೋರಲು ಹಾಕಿದರೂ ಬೀಳಲಿಲ್ಲ.
ಹಿಂದೆ ಜನ ಕಾಯುತ್ತಿದ್ದರು.
ಚಿಗುರು ಮೀಸೆಯ ಫಕ್ಕೀರೇಶ ಪಕ್ಕಕ್ಕೆ ಬಂದು,
ತಮ್ಮನಿಗೆ ಅಕ್ಷರ ತಿದ್ದಿಸುವವನ ದನಿಯಲ್ಲಿ,
'ಝಾಡಿಸಬ್ಯಾಡ್ರಿ ಟೀಚರ.
ಉಂಡಿ ಕಟ್ಟಿ ಇಡ್ರಿ.'