ಮೇ ತನಕ

ನರಿನ್ ಪೇಟೆಯ ಹಿಂದೆ ನನ್ನ ಕಂಟೇನರ್ ಗ್ಯಾರೇಜಿಗೆ
ಜುಮಾಗುಲ್ ಮತ್ತೆ ಬಂದಳು,
ಟ್ಯಾಕ್ಸಿಯ ಹಿಂದೆ ನೀಲಿ ಹೊಗೆಯ ಸೆರಗು.
ನಾಲ್ಕು ಲಕ್ಷ ಕಿಲೋಮೀಟರಿಗೆ
ಮೀಟರೇ ಎಣಿಕೆ ಬಿಟ್ಟ ಆಡಿ ಕಾರು.

“ಇಂಜಿನ್ ಬಿಚ್ಚಬೇಕು” ಎಂದೆ.
“ಬಿಚ್ಚಿದರೆ ಮುಚ್ಚಲು ದುಡ್ಡಿಲ್ಲ.
ಮೇ ತನಕ ಓಡಲಿ, ಕಣಿವೆಯ ದಾರಿ ತೆರೆಯುತ್ತದೆ.”

ಬಸಿದ ಹಳೆ ಎಣ್ಣೆ ಕಾಡಿಗೆ ಕರಗಿದ ನೀರು.
ದಪ್ಪನೆಯದು ಸುರಿದೆ. ಮೇಲೊಂದು ಡಬ್ಬಿ ಅಡಿಟಿವ್,
ಜೇನಿನಂತೆ ಎಳೆ ಬಿಡುತ್ತ
ಯಾವ ಅವಸರವೂ ಇಲ್ಲದೆ ಇಳಿಯಿತು.
ಸವೆದ ಲೋಹ ಮರಳುವುದಿಲ್ಲ, ಜುಮಾ.
ರಿಂಗಿಗೂ ಸಿಲಿಂಡರಿಗೂ ನಡುವೆ ಬಿಟ್ಟ ಸಂದಿಯಲ್ಲಿ
ಸ್ವಲ್ಪ ಹೊತ್ತು ಯಾರೋ ಕೂತಿರುತ್ತಾರೆ, ಅಷ್ಟೆ.

ಕಟಕಟ ತಗ್ಗಿತು. ಅವಳು ನಕ್ಕಳು.
ಮಾರುವವರೂ ಹೀಗೇ ಮಾಡುತ್ತಾರೆ,
ಗಿರಾಕಿ ಕಿವಿಗೊಡುವ ಹದಿನೈದು ನಿಮಿಷಕ್ಕೆ.
ಹೇಳಲಿಲ್ಲ.

“ಈ ಚಳಿಗೆ ದಪ್ಪ ಎಣ್ಣೆ ಕಲ್ಲಾಗುತ್ತದೆ” ಎಂದದ್ದಕ್ಕೆ
“ಗೊತ್ತು” ಎಂದಳು.

ನಸುಕಿಗೆ ಕಿಟಕಿಯಿಂದ ಕಂಡೆ:
ಕಾರಿನ ಹೊಟ್ಟೆಯಡಿ ತಗಡಿನ ಬಾಣಲೆ,
ಬೆರಣಿಯ ಕೆಂಡ,
ಬಾಣಂತಿಯ ಮಂಚದ ಕೆಳಗಿಡುವ ಹಾಗೆ.
ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಅವಳು, ಕೈ ಕಾಯಿಸುತ್ತ.
ಕೀಲಿ ತಿರುಗಿತು. ಕೆಮ್ಮು.
ಮತ್ತೆ ಕೆಮ್ಮು.
ಮೂರನೆಯದಕ್ಕೆ ಹೊತ್ತಿಕೊಂಡಿತು;
ಹಿಡಿದಿದ್ದ ಉಸಿರು ನಾನೂ ಬಿಟ್ಟೆ,
ಹಿಮದ ಮೇಲೆ ತೆಳ್ಳಗಿನ ನೀಲಿ ನೋಡುತ್ತ.