ಹತ್ತು ಸ್ಟೀಲ್ ಅಕ್ಷರ

ಅಂಗಡಿ ಮುಚ್ಚೋ ದಿನ ಅಂಬಾಸಾ ಅವರು
ಕಡೀ ತಿಂಗಳ ಪಗಾರ ಅರ್ಧ ಎಣಿಸಿ ಕೊಟ್ಟು
ಉಳಿದರ್ಧಕ್ಕ ಗ್ವಾಡಿ ಕಡೆ ಕೈ ಮಾಡಿದ್ರು:
"ಆ ಅಕ್ಷರ ತಗೋ ನೀಲಗಂಗವ್ವ,
ತುಕ್ಕು ಹಿಡಿಯೂದಿಲ್ಲ."

ಗಣೇಶಪೇಟಿ ತಿರುವಿನ್ಯಾಗ
ಹತ್ತೊಂಬತ್ತು ವರ್ಷ ಅವುಗಳ ಕೆಳಗ ಕುಂತು
ಪುಸ್ತಕಕ್ಕ ರಟ್ಟು ಹಚ್ಚಿದಾಕಿ ನಾ.
ಅವರ ಹೆಸರು ಬಣ್ಣದಾಗ ಬರೆಸಿದ್ದು, ಮಳೀಗೆ ತೊಳೆದು ಹೋತು.
ಉಳಿದದ್ದು ಉದ್ದನ್ನ ಇಂಗ್ಲಿಷ್,
ಎಸ್, ಟೀ, ಎ, ಟೀ, ಐ, ಓ, ಎನ್, ಈ, ಆರ್, ಎಸ್.

ಬೇವಿನ ಟೊಂಗಿ ಬೆಳೆದು
ಕಡೀ ಮೂರಕ್ಷರ ಮುಚ್ಚಿದ ವರ್ಷ
ಟ್ರಂಕು ಹೊತ್ತವರು ಸೀದಾ ಒಳಗ ಬರತಿದ್ರು:
"ಗದಗ ಪ್ಯಾಸೆಂಜರ್ ಎಷ್ಟನೇ ಪ್ಲಾಟ್‌ಫಾರ್ಮ್?"
ಅಂಬಾಸಾ ಮೊದಮೊದಲು ಬೈತಿದ್ರು.
ಆಮ್ಯಾಲ ಒಂದು ಟೈಮ್‌ಟೇಬಲ್ ತಂದು
ಕೌಂಟರಿಗೆ ಅಂಟಿಸಿದ್ರು.
ಹೋಗೋವಾಗ ಮಂದಿ ಒಂದು ಪೆನ್ನರ ತಗೋತಿದ್ರು.

ಅದ ಅಂಗಡ್ಯಾಗ ಈಗ ನಾ ಚಾ ಕುದಸ್ತೀನಿ.
ಹೊಸ ಬೋರ್ಡಿಗೆ ಮೂರು ಸಾವಿರ, ಅಂದ ದಾವಲಸಾಬ.
ಅಕ್ಷರ ಅದಾವಲಾ, ಅಂದೆ.
ಇದ್ದದ್ರಾಗ ಒಂದು ಮಾತು ಸಿಗೂದಿಲ್ಲೇನು?

ರಾತ್ರಿ ತಂಗಿ ಮಗಳು ಕಸ್ತೂರಿ
ಗೇಣುದ್ದದ ಆ ಹತ್ತನ್ನೂ ಚಾಪಿ ಮ್ಯಾಲ ಹರವಿ
ಜ್ವಾಳದಾಗಿನ ಹಳ್ಳು ಆರಿಸೋ ಹಾಂಗ ಕುಂತಳು,
ಮಗ್ಗಲದಾಗ ಬೆನ್ನು ಹರಿದ ಡಿಕ್ಷನರಿ.
"ರೇನ್." ಮಳಿ.
"ಟ್ರೇನ್." ಅದೂ ಐತಿ.
"ರೇಷನ್."
ನಾಳೆ ಅದಕ್ಕ ಪಾಳಿ ಹಚ್ಚಬೇಕು, ನೆನಪು ಮಾಡು.
ಆರು ಅಕ್ಷರ ಸರಿಸಿ "ಸಿಸ್ಟರ್" ಅಂದಳು,
ನನ್ನ ಮಾರಿ ನೋಡಿ ಲಗೂನ ಅಳಿಸಿದಳು.
ಮದರ್ ಹುಡುಕಾಕ ಹೋಗಲಿಲ್ಲ.
ಎಮ್ ಇಲ್ಲ, ದೊಡ್ಡವ್ವ, ಅಂದಳು
ನಾ ಕೇಳದ.

ಲೋನ್ ಬರೂದಿಲ್ಲ, ಎಲ್ ಇಲ್ಲ. ಪುಣ್ಯ.
ಇಂಟರೆಸ್ಟ್ ಇನ್ನೇನು ಆತು ಅನ್ನೂದರಾಗ
ಒಂದ ಒಂದು ಈ ಕಡಿಮಿ ಬಿತ್ತು.
ಬಡ್ಡಿ ಕಡಿಮಿ ಬಿದ್ದದ್ದು
ನನ್ನ ಜನ್ಮದಾಗ ಅದ ಮೊದಲು.

ಮಿಲ್ಕ್ ಇಲ್ಲ, ಶುಗರ್ ಇಲ್ಲ.
ಇದೆಂಥಾ ಚಾದಂಗಡಿಯಬೇ ಅಂತ ನಕ್ಕು ನಕ್ಕು
ಅಕಿ ಒಂದು ಟೀ ಎತ್ತಿ ನಿಲ್ಲಿಸಿದಳು.
ಒಂದು ಕಂಬ, ಮ್ಯಾಲೊಂದು ತೊಲಿ.
"ಇದ ಟೀ ಅಲಾ? ಸಾಕಲಾ?"
ಬ್ಯಾಡವಾ.
ಪಗಾರದ ಅಕ್ಷರ ಅವು.
ಒಂದು ದುಡಿದು ಒಂಬತ್ತು ಕುಂತು ತಿಂದರ ಹ್ಯಾಂಗ?

ಹನ್ನೆರಡಕ್ಕ ಮುಂಬೈ ಗಾಡಿ ಕೂಗಿದಾಗ ಎಬ್ಬಿಸಿದಳು.

ಟೀ, ಈ, ಎ. ಅದು ಬಾಗಲ ಮ್ಯಾಲ.
ಎಸ್, ಐ, ಟೀ. ಸಿಟ್. ಅದು ಬಾಕಿನ ಹಿಂದ.
ಆರ್, ಎಸ್. ಅದು ರೂಪಾಯಿ,
ಮುಂದ ಸುಣ್ಣದ ಕಡ್ಡೀಲೆ ಹತ್ತು ಅಂತ ಬರಿ,
ತುಟ್ಟಿ ಆದಾಗ ಒರಸು.
ಉಳಿದದ್ದು ಓ, ಎನ್.
ಒಂದು ಹಲಗಿಗೆ ಬಡದು ಮೊಳಿಗೆ ಹಾಕಿದ್ರ ಆನ್,
ಅಂಗಡಿ ತೆರದೈತಿ.
ಹಲಗಿ ತಲಿಕೆಳಗ ಮಾಡಿದ್ರ ನೋ.
ಮನಿಗೆ ಹೋಗ್ರಿ.

ದಾವಲಸಾಬ ಮೊಳಿ ಹೊಡದ.
ಎರಡು ಚಾ ಕುಡದ, ರೊಕ್ಕ ಕೇಳಲಿಲ್ಲ,
ಹತ್ತು ಸಲ ಆ ಹಲಗಿ ತಿರುವಿ ತಿರುವಿ ನೋಡಿದ.

ಆದರ ಕಿತ್ತ ಜಾಗದಾಗ
ಬಿಸಲು ತಾಗದ ನೀಲಿ ಹಂಗ ಉಳಿದೈತಿ,
ಹಳೇದು ಪೂರಾ ಓದಾಕ ಬರತೈತಿ,
ಟೊಂಗಿ ಮುಚ್ಚಿದ ಮೂರು ಬಿಟ್ಟು.

ನಿನ್ನೆ ಒಬ್ಬಾವ ಚೀಲ ಇಳಿಸಿ ಕೇಳಿದ,
"ಟೇಸನ್ ಇದ ಏನ್ರೀ?"
ಗಾಡಿಗೆ ಇನ್ನೂ ಟೈಮ್ ಐತಿ, ಕೂಡ್ರಿ, ಅಂದೆ.
ಕುಂತ. ಚಾ ಕುಡದ.
ಅಷ್ಟರಾಗ ಗಾಳಿ ಬಿಟ್ಟು ಟೊಂಗಿ ಸರೀತೋ ಏನೋ,
ರೊಕ್ಕ ಕೊಡೋವಾಗ ಮತ್ತೊಮ್ಮೆ ಗ್ವಾಡಿ ನೋಡಿ
"ಪೆನ್ನು ಸಿಗತಾವೇನು?" ಅಂದ.

ಸಕ್ರಿ ಡಬ್ಬಿ ಹಿಂದ
ಇನ್ನೂ ಒಂದು ಡಜನ್ ಅದಾವು.